ಚೊಗರು ಬಿದ್ದ ಕೈಯ ಉಬ್ಬುಗಲೆ, ಮಗಳ ಕಿವಿಯ ಗಂಟು: ಎರಡಕ್ಕೂ ಒಂದೇ ಚಿಕಿತ್ಸೆಯೇ?

ಪ್ರಶ್ನೆ: ತೋಟದಮನೆ, ಆಗುಂಬೆ ಹೋಬಳಿ

ನಮ್ಮ ಮನೆಯಲ್ಲಿ ಇಬ್ಬರಿಗೆ ಗಾಯ ಮಾಯ್ದ ಜಾಗದಲ್ಲಿ ದುರ್ಮಾಂಸ ಬೆಳೆದಿದೆ. ನೋಡಿದವರೆಲ್ಲ ಎರಡಕ್ಕೂ ಕೀಲಾಯ್ಡ್ ಎಂಬ ಒಂದೇ ಹೆಸರು ಹೇಳುತ್ತಾರೆ, ಔಷಧವನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಳಿದವರು ದಾರಿ ತೋರಿಸಬೇಕೆಂದು ಕೋರಿ ಎರಡನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು ನನ್ನದೇ. ನನಗೆ 46 ವರ್ಷ. ಕಳೆದ ಡಿಸೆಂಬರಿನಲ್ಲಿ, ಅಡಿಕೆ ಸುಲಿಗೆ ಭರದಲ್ಲಿ ನಡೆಯುತ್ತಿದ್ದಾಗ, ರಾತ್ರಿ ಹತ್ತರ ಸುಮಾರಿಗೆ ಹಂಡೆಯಿಂದ ಬೆಂದ ಅಡಿಕೆಯನ್ನು ಜಾಲರಿ ಸೌಟಿನಲ್ಲಿ ಎತ್ತುತ್ತಿದ್ದೆ. ಒಲೆಯ ಮುಂದಿನ ನೆಲ ಜಾರುತ್ತಿತ್ತು. ಕಾಲು ತಪ್ಪಿ ಕುದಿಯುವ ಚೊಗರು (ಅಡಿಕೆ ಬೇಯಿಸಿದ ಮಂದ ರಸ) ಎಡಗೈಯ ಒಳಭಾಗದಲ್ಲಿ ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಹತ್ತಿರದವರೆಗೆ ಹರಿಯಿತು. ಯಾರೋ ಟೂತ್‌ಪೇಸ್ಟ್ ಬಳಿದರು, ಬೆಳಿಗ್ಗೆ ಅದರ ಮೇಲೆ ಇನ್ನೇನೋ ಸೊಪ್ಪಿನ ರಸ ಹಚ್ಚಿದರು. ಗಾಯ ಪೂರ್ತಿ ಮುಚ್ಚಲು ಐದು ವಾರ ಹಿಡಿಯಿತು. ಫೆಬ್ರವರಿ ಕೊನೆಯ ಹೊತ್ತಿಗೆ ಅದೇ ಜಾಗ ಕೆಂಪಗೆ ಉಬ್ಬತೊಡಗಿ, ಈಗ ಹಗ್ಗ ಹೊಸೆದಿಟ್ಟಂತೆ ಗಟ್ಟಿಯಾಗಿದೆ. ರಾತ್ರಿ ತುರಿಕೆ ಬಹಳ. ಕೈಯನ್ನು ಪೂರ್ತಿ ನೀಡಿದರೆ ಮೊಣಕೈ ಮಡಿಕೆಯಲ್ಲಿ ಚರ್ಮ ಎಳೆದು ಹಿಡಿಯುತ್ತದೆ, ದೋಟಿ ಎತ್ತಿ ಹಿಡಿಯಲು ಆಗುತ್ತಿಲ್ಲ.

ಎರಡನೆಯದು ಮಗಳದು. ಅವಳಿಗೆ 19, ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದಾಳೆ. ಎರಡು ವರ್ಷದ ಹಿಂದೆ ಗೆಳತಿಯರ ಜೊತೆ ಹೋಗಿ ಬಲಗಿವಿಯ ಮೇಲಂಚಿನಲ್ಲಿ ಇನ್ನೊಂದು ತೂತು ಚುಚ್ಚಿಸಿಕೊಂಡಳು. ನಾಲ್ಕೈದು ತಿಂಗಳ ಮೇಲೆ ಅಲ್ಲಿ ಕಡಲೆಕಾಳಿನಷ್ಟು ಗಂಟಾಯಿತು, ಅದು ಬೆಳೆಯುತ್ತ ಹೋಯಿತು. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ‘ಹತ್ತು ನಿಮಿಷದ ಕೆಲಸ’ ಎಂದು ಹೇಳಿ ಕತ್ತರಿಸಿ ಎರಡು ಹೊಲಿಗೆ ಹಾಕಿ ಕಳಿಸಿದರು. ಮತ್ತೆ ಬರಬೇಕೆಂದಾಗಲಿ, ಇದು ತಿರುಗಿ ಬೆಳೆಯಬಹುದೆಂದಾಗಲಿ ಯಾರೂ ಹೇಳಲಿಲ್ಲ. ಐದನೆಯ ತಿಂಗಳಿಗೆ ಗಂಟು ವಾಪಸು ಬಂತು, ಈ ಸಲ ಸುಲಿದ ಅಡಿಕೆಯಷ್ಟು ದಪ್ಪ, ಕಿವಿಯ ಹಿಂದಕ್ಕೂ ಮುಂದಕ್ಕೂ. ಅವಳು ಈಗ ಕೂದಲು ಬಿಟ್ಟುಕೊಂಡೇ ಓಡಾಡುತ್ತಾಳೆ. ಅವಳಿಗೆ ಮಗುವಾಗಿದ್ದಾಗ ಚುಚ್ಚಿಸಿದ ಕೆಳಗಿನ ತೂತುಗಳಿಗೆ ಏನೂ ಆಗಿಲ್ಲ ಎಂಬುದು ನನಗೆ ಅರ್ಥವಾಗದ ವಿಷಯ.

ನನ್ನ ಪ್ರಶ್ನೆಗಳು ಇಷ್ಟೆ: ಇವೆರಡೂ ಒಂದೇ ರೋಗವೇ? ಮಗಳ ಕಿವಿಯನ್ನು ಮತ್ತೆ ಕತ್ತರಿಸುವುದು ಸರಿಯೇ? ನನ್ನ ಕೈಗೆ ಆಪರೇಷನ್ ಬೇಕೇ, ಮುಂದಿನ ಸುಲಿಗೆಯೊಳಗೆ ಕೈ ಕೆಲಸಕ್ಕೆ ಬರುತ್ತದೆಯೇ?

ಉತ್ತರ 1: ಚರ್ಮವೈದ್ಯ, ಶಿವಮೊಗ್ಗ

ನೀವು ಬರೆದ ರೀತಿಯಿಂದಲೇ ಅರ್ಧ ಉತ್ತರ ಸಿಕ್ಕಿದೆ. ಕಣ್ಣಿನಿಂದ ನೋಡಿ ಕೈಯಿಂದ ಒತ್ತಿ ನೋಡಿದ ಮೇಲೆಯೇ ಖಚಿತವಾಗಿ ಹೇಳಬಹುದಾದರೂ, ನಿಮ್ಮ ಕೈಯದು ಹೈಪರ್‌ಟ್ರೋಫಿಕ್ ಕಲೆ, ಮಗಳ ಕಿವಿಯದು ಕೀಲಾಯ್ಡ್ ಎಂದು ನನಗೆ ತೋರುತ್ತದೆ. ಇವೆರಡೂ ದಾಯಾದಿಗಳು, ಆದರೆ ಒಂದೇ ಅಲ್ಲ.

ಗಾಯವಾದಾಗ ಅದನ್ನು ಮುಚ್ಚಲು ದೇಹವು ಕೊಲಾಜೆನ್ ಎಂಬ ನಾರನ್ನು ತಯಾರಿಸುತ್ತದೆ. ಗಾಯ ಮುಚ್ಚಿದ ಮೇಲೆ ಆ ತಯಾರಿಕೆ ನಿಲ್ಲಬೇಕು, ಹೆಚ್ಚಾದ ನಾರು ನಿಧಾನವಾಗಿ ಕರಗಬೇಕು. ಉಬ್ಬುಗಲೆಯಲ್ಲಿ, ಸುಲಿಗೆ ಮುಗಿದರೂ ಮನೆಗೆ ಹೋಗದೆ ಸಿಪ್ಪೆ ರಾಶಿ ಹಾಕುತ್ತಲೇ ಇರುವ ಆಳಿನಂತೆ, ಚರ್ಮದೊಳಗಿನ ಜೀವಕೋಶಗಳು ನಾರು ಹೆಣೆಯುತ್ತಲೇ ಇರುತ್ತವೆ. ಹೈಪರ್‌ಟ್ರೋಫಿಕ್ ಕಲೆ ಗಾಯವಾದ ಒಂದೆರಡು ತಿಂಗಳೊಳಗೆ ಏಳುತ್ತದೆ, ಎಷ್ಟೇ ದಪ್ಪವಾದರೂ ಮೂಲ ಗಾಯದ ಗಡಿ ದಾಟುವುದಿಲ್ಲ, ಒಂದೆರಡು ವರ್ಷದಲ್ಲಿ ತಾನಾಗಿಯೇ ಸ್ವಲ್ಪ ಮಟ್ಟಿಗೆ ತಗ್ಗುವ ಸಾಧ್ಯತೆಯೂ ಇದೆ. ಕೀಲಾಯ್ಡ್ ಹಾಗಲ್ಲ. ಅದು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ತಲೆಯೆತ್ತಿ, ಗಾಯದ ಗಡಿ ದಾಟಿ ಆರೋಗ್ಯವಾಗಿರುವ ಚರ್ಮಕ್ಕೂ ಕಾಲಿಡುತ್ತದೆ, ತಾನಾಗಿ ಹೋಗುವುದಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ವೈದ್ಯ ಅಲಿಬೆರ್ ಇದಕ್ಕೆ ಹೆಸರಿಡುವಾಗ ಏಡಿಯ ಕೊಂಡಿಯನ್ನು ಸೂಚಿಸುವ ಗ್ರೀಕ್ ಪದವನ್ನು ಆರಿಸಿಕೊಂಡ. ಎದೆಯ ಮೇಲಿನ ಕೀಲಾಯ್ಡ್ ಒಂದನ್ನು ನೋಡಿದರೆ, ನಡುವೆ ದಪ್ಪ, ಎರಡೂ ಬದಿಗೆ ಚಾಚಿದ ಕೊಂಡಿಗಳು, ಗದ್ದೆಯ ಬದುವಿನ ಏಡಿಯೇ ನೆನಪಾಗುತ್ತದೆ.

ಮಗುವಾಗಿದ್ದಾಗ ಚುಚ್ಚಿಸಿದ ತೂತುಗಳಿಗೆ ಏಕೆ ಏನೂ ಆಗಲಿಲ್ಲ ಎಂದು ಕೇಳಿದ್ದೀರಿ. ಕೀಲಾಯ್ಡ್ ಹೆಚ್ಚಾಗಿ ಕಾಣಿಸುವುದು 10ರಿಂದ 30ರ ವಯಸ್ಸಿನಲ್ಲಿ. ಹನ್ನೊಂದು ವರ್ಷ ದಾಟಿದ ಮೇಲೆ ಕಿವಿ ಚುಚ್ಚಿಸಿಕೊಂಡವರಲ್ಲಿ ಇದು ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡವರಿಗಿಂತ ಹೆಚ್ಚೆಂದು ಕಂಡುಬಂದಿದೆ. ಮಗುವಿಗೆ ವರ್ಷ ತುಂಬುವುದರೊಳಗೆ ಕಿವಿ ಚುಚ್ಚಿಸಿಬಿಡುವ ನಮ್ಮ ಹಿರಿಯರ ಪದ್ಧತಿ ಈ ಒಂದು ವಿಷಯದಲ್ಲಿ ಲಾಭವನ್ನೇ ತಂದಿದೆ. ಮೇಲಂಚಿನ ಮೃದ್ವಸ್ಥಿಯಲ್ಲಿ ಚುಚ್ಚಿದ ತೂತು ನಿಧಾನವಾಗಿ ಮಾಯುತ್ತದೆ, ಸೋಂಕೂ ಬೇಗ ತಗಲುತ್ತದೆ.

ಈಗ ಚಿಕಿತ್ಸೆ. ಮಗಳ ಗಂಟನ್ನು ಬರೀ ಕತ್ತರಿಸಿ ಕಳಿಸಿದ್ದು ತಪ್ಪು. ಬೇರೆ ಯಾವ ಜೊತೆ ಚಿಕಿತ್ಸೆಯೂ ಇಲ್ಲದೆ ಕತ್ತರಿಸಿದ ಕೀಲಾಯ್ಡ್ ಮತ್ತೆ ಬೆಳೆಯುವ ಪ್ರಮಾಣ ಶೇಕಡಾ 45ರಿಂದ 100 ಎಂದು ವೈದ್ಯಕೀಯ ಪುಸ್ತಕಗಳೇ ಹೇಳುತ್ತವೆ, ಏಕೆಂದರೆ ಕತ್ತರಿಸುವುದೂ ಒಂದು ಹೊಸ ಗಾಯವೇ. ಹಾಗೆಂದು ಕತ್ತರಿಸಲೇಬಾರದು ಎಂದಲ್ಲ. ಕತ್ತರಿಸುವ ಮುಂಚೆಯೇ ಕತ್ತರಿಸಿದ ಮೇಲಿನ ಆರು ತಿಂಗಳ ಯೋಜನೆ ಸಿದ್ಧವಿರಬೇಕು.

ಮೊದಲ ಹೆಜ್ಜೆ ಸಾಮಾನ್ಯವಾಗಿ ಗಂಟಿನೊಳಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಚುಚ್ಚುಮದ್ದು. ಒಂದು ಮಿಲಿಲೀಟರ್‌ಗೆ 10 ಅಥವಾ 40 ಮಿಲಿಗ್ರಾಂ ಬಲದ ಸೀಸೆಗಳು ಸಿಗುತ್ತವೆ, ದಪ್ಪ ಗಂಟಿಗೆ ಹೆಚ್ಚು ಬಲದ್ದು. ನಾಲ್ಕರಿಂದ ಆರು ವಾರಕ್ಕೊಮ್ಮೆ, ಗಂಟು ಮೆತ್ತಗಾಗಿ ತಗ್ಗುವವರೆಗೆ. ಔಷಧವು ಗಂಟಿನ ನಡುವಿಗೇ ಹೋಗಬೇಕು. ಸರಿಯಾಗಿ ಹೋದಾಗ ಗಂಟು ಕ್ಷಣಮಾತ್ರ ಬಿಳಚಿಕೊಳ್ಳುತ್ತದೆ. ಕೆಳಗಿನ ಕೊಬ್ಬಿಗೆ ಇಳಿದರೆ ಕಲೆ ಹಾಗೇ ಉಳಿದು ಅದರ ಸುತ್ತ ಕುಳಿ ಬೀಳುತ್ತದೆ. ಮೊದಲ ಒಂದೆರಡು ಸಲ ಗಂಟು ಕಲ್ಲಿನಂತಿದ್ದು ಸೂಜಿಯೇ ಒಳಗೆ ಹೋಗುವುದಿಲ್ಲ. ಆಗ ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಕೆಲವು ಸೆಕೆಂಡು ತಾಗಿಸಿ, ಸ್ವಲ್ಪ ಬಾವು ಬಂದು ಸಡಿಲವಾದ ಮೇಲೆ ಚುಚ್ಚುವುದುಂಟು. ಸ್ಟೆರಾಯ್ಡ್ ಒಂದಕ್ಕೇ ಬಗ್ಗದಿದ್ದರೆ ಅದರ ಜೊತೆ 5-ಫ್ಲೂರೋಯುರಾಸಿಲ್ ಬೆರೆಸುತ್ತಾರೆ. ಸೀಸೆಯ ಮೇಲೆ ಇದು ಕ್ಯಾನ್ಸರ್ ಔಷಧ ಎಂದು ಬರೆದದ್ದನ್ನು ಓದಿ ಮನೆಯವರು ಗಾಬರಿಯಾಗುವುದು ನಾನು ಬಹಳ ಸಲ ಕಂಡಿದ್ದೇನೆ. ಇಲ್ಲಿ ಬಳಸುವುದು ಅತಿ ಕಡಿಮೆ ಪ್ರಮಾಣ, ಅದೂ ಗಂಟಿನೊಳಗೆ ಮಾತ್ರ. ಗರ್ಭಿಣಿಯರಿಗೆ ಮಾತ್ರ ಇದನ್ನು ಕೊಡುವಂತಿಲ್ಲ.

ಕಿವಿಯ ಗಂಟು ಅಡಿಕೆಯಷ್ಟು ದಪ್ಪವಿದ್ದರೆ ಬರೀ ಚುಚ್ಚುಮದ್ದಿನಿಂದ ಕಿವಿಗೆ ಮೊದಲಿನ ಆಕಾರ ಬರುವುದು ಕಷ್ಟ. ಕೆಲವು ಸಲ ಚುಚ್ಚಿ ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಸರ್ಜನ್ ಕೈಯಲ್ಲಿ ಒಳಗಿನ ಗಂಟನ್ನಷ್ಟೇ ತೆಗೆಸಿ, ಹೊಲಿಗೆ ಬಿಚ್ಚುವ ದಿನದಿಂದಲೇ ತಿಂಗಳಿಗೊಂದು ಚುಚ್ಚುಮದ್ದು ಮುಂದುವರಿಸಿ, ಜೊತೆಗೆ ಒತ್ತಡದ ಕ್ಲಿಪ್ಪನ್ನು ಹಾಕಿಸುವುದು ನಾನು ಇಷ್ಟಪಡುವ ದಾರಿ. ಇನ್ನೊಂದು ದಾರಿ, ಕತ್ತರಿಸಿದ 24ರಿಂದ 48 ಗಂಟೆಯೊಳಗೆ ವಿಕಿರಣ ಚಿಕಿತ್ಸೆ ಶುರು ಮಾಡುವುದು. ಮತ್ತೆ ಬೆಳೆಯುವುದನ್ನು ತಡೆಯುವಲ್ಲಿ ಅದರಷ್ಟು ಬಲವಾದದ್ದು ಬೇರೆ ಇಲ್ಲ, ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ವಾಪಸು ಬರುತ್ತದೆ. ಆದರೆ ಹತ್ತೊಂಬತ್ತರ ಹುಡುಗಿಗೆ ಅದನ್ನು ಮೊದಲ ಸುತ್ತಿನಲ್ಲೇ ಸೂಚಿಸಲು ನನಗೆ ಮನಸ್ಸಿಲ್ಲ. ಬಹಳ ಕಾಲದ ನಂತರದ ಕ್ಯಾನ್ಸರ್ ಅಪಾಯ ಅತಿ ಸಣ್ಣದೇ ಆದರೂ ಸೊನ್ನೆಯಲ್ಲ. ಉಳಿದದ್ದೆಲ್ಲ ಸೋತರೆ ಮಣಿಪಾಲದಂಥ ಕಡೆ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಒಂದೇ ಆವರಣದಲ್ಲಿ ಸಿಗುವಲ್ಲಿ, ವಿಚಾರಿಸಬಹುದು. ಇಲ್ಲಿ ಕತ್ತರಿಸಿಕೊಂಡು ಘಾಟಿ ಇಳಿದು ಅಲ್ಲಿಗೆ ಹೋಗುವಷ್ಟರಲ್ಲಿ ಆ ಗಡುವು ಮೀರಬಾರದು, ಅದಕ್ಕಾಗಿ ಹೇಳಿದೆ.

ನಿಮ್ಮ ಕೈಯ ಕಥೆ ಬೇರೆ. ಮೂರು ವಾರದೊಳಗೆ ಮಾಯದ ಸುಟ್ಟಗಾಯ ಉಬ್ಬುಗಲೆಯಾಗುವ ಸಾಧ್ಯತೆ ಬಹಳ, ನಿಮ್ಮದು ಐದು ವಾರ ಹಿಡಿದಿದೆ. ಚೊಗರು ನೀರಿಗಿಂತ ಮಂದ, ಮೈಗೆ ಅಂಟಿಕೊಂಡು ಸುಡುತ್ತದೆ. ಅಂದು ಟೂತ್‌ಪೇಸ್ಟ್ ಬಳಿಯುವ ಬದಲು ಮನೆಯ ಹಿಂದೆ ದಂಬೆಯಲ್ಲಿ ಸದಾ ಬೀಳುವ ಅಬ್ಬಿ ನೀರಿಗೆ ಇಪ್ಪತ್ತು ನಿಮಿಷ ಕೈ ಹಿಡಿದಿದ್ದರೆ ಗಾಯದ ಆಳ ಕಡಿಮೆಯಾಗುತ್ತಿತ್ತು. ಆದದ್ದು ಆಯಿತು. ಸಿಲಿಕೋನ್ ಹಾಳೆ, ಒತ್ತಡದ ತೋಳುಚೀಲ, ವ್ಯಾಯಾಮ, ತೀರ ದಪ್ಪಗಿರುವ ಕಡೆ ಚುಚ್ಚುಮದ್ದು, ಈಗ ಇಷ್ಟು. ಕಲೆ ಇನ್ನೂ ಕೆಂಪಗಿದೆ ಎಂದರೆ ಇನ್ನೂ ಹಸಿ ಎಂದರ್ಥ. ಕೈ ಮಡಚಿಕೊಂಡು ನಿಂತುಹೋಗುವ ಪರಿಸ್ಥಿತಿ ಬಾರದಿದ್ದರೆ ವರ್ಷ ತುಂಬುವವರೆಗೆ ಕತ್ತಿ ಮುಟ್ಟಿಸಬೇಡಿ. ಆದರೆ ಮೊಣಕೈ ಎಳೆತವನ್ನು ಮಾತ್ರ ಈ ವಾರವೇ ತೋರಿಸಿ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಸ್ಟೆರಾಯ್ಡ್ ಚುಚ್ಚಿದ ಮೇಲೆ ಕೆಲವು ದಿನ ಸಕ್ಕರೆ ಏರಬಹುದು.

ಉತ್ತರ 2: ಶಾಲಾ ಶಿಕ್ಷಕಿ, ಸಾಗರ

ನಾನು ವೈದ್ಯಳಲ್ಲ, ಎಂಟು ವರ್ಷದಿಂದ ಎದೆಯ ನಡುವೆ ಕೀಲಾಯ್ಡ್ ಹೊತ್ತವಳು. ಒಂದು ಮೊಡವೆಯಿಂದ ಶುರುವಾದದ್ದು. ಮಗಳಿಗೆ ಓದಿ ಹೇಳಲಿ ಎಂದು ನನ್ನ ಅನುಭವ ಬರೆಯುತ್ತಿದ್ದೇನೆ.

ಚುಚ್ಚುಮದ್ದು ನೋಯುತ್ತದೆ. ‘ಇರುವೆ ಕಚ್ಚಿದ ಹಾಗೆ’ ಎಂದು ಹೇಳುವ ದಾದಿಯನ್ನು ನಂಬಬೇಡಿ. ಸೂಜಿಯ ಮೊನೆಗಿಂತ ಔಷಧವನ್ನು ಒತ್ತಿ ಒಳಕ್ಕೆ ನೂಕುವಾಗಿನ ಬಿಗಿತವೇ ತಡೆಯಲಾರದ್ದು. ಚರ್ಮ ಒಡೆದು ಹೋಗುವುದೇನೋ ಎನ್ನಿಸುತ್ತದೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ಸಲ ನಾನು ಅತ್ತೆ. ಎರಡನೆಯ ಸಲ ಮುಂಚೆಯೇ ಕೇಳಿದೆ, ಮರಗಟ್ಟಿಸುವ ಔಷಧ ಬೆರೆಸಿ ಕೊಟ್ಟರು, ವ್ಯತ್ಯಾಸ ಗೊತ್ತಾಯಿತು. ಮೂರನೆಯ ಸಲಕ್ಕೆ ಗಂಟೇ ಸಡಿಲವಾಗಿತ್ತು, ಸೂಜಿ ಸುಲಭವಾಗಿ ಹೋಯಿತು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ ಎಂಬುದು ನನ್ನ ದೂರು.

ಮೊದಲು ಹೋದದ್ದು ತುರಿಕೆ. ಗಾತ್ರ ತಗ್ಗುವುದು ಕನ್ನಡಿಯಲ್ಲಿ ಕಾಣುವ ಮುಂಚೆಯೇ, ರಾತ್ರಿ ರವಿಕೆಯ ಅಂಚು ತಗುಲಿ ಎಚ್ಚರವಾಗುವುದು ನಿಂತಿತು. ನನಗೆ ಅದೇ ದೊಡ್ಡ ವರ. ಐದು ಸಲ ಚುಚ್ಚಿಸಿಕೊಂಡ ಮೇಲೆ ಗಂಟು ಚರ್ಮದ ಮಟ್ಟಕ್ಕೆ ಬಂತು. ಆದರೆ ಸುತ್ತ ಬಿಳಿ ಮಚ್ಚೆಗಳಾದವು, ಸಣ್ಣ ರಕ್ತನಾಳಗಳು ಕೆಂಪು ದಾರದ ಹಾಗೆ ಕಾಣತೊಡಗಿದವು, ಎರಡು ತಿಂಗಳು ಮುಟ್ಟು ಏರುಪೇರಾಯಿತು. ಮುಟ್ಟಿನ ವಿಷಯ ಯಾರೂ ಮೊದಲು ಹೇಳದ ಕಾರಣ ನಾನು ಬೇರೆ ಏನೇನೋ ಕಲ್ಪಿಸಿಕೊಂಡು ಹೆದರಿದ್ದೆ. ಅದು ತಾನಾಗಿ ಸರಿಹೋಯಿತು. ಬಿಳಿ ಮಚ್ಚೆ ವರ್ಷವಾದ ಮೇಲೆ ಬಹುಪಾಲು ಮೂಲ ಬಣ್ಣಕ್ಕೆ ತಿರುಗಿತು.

ಆಮೇಲೆ ನಾನು ಮಾಡಿದ ತಪ್ಪು: ಮಟ್ಟವಾಯಿತಲ್ಲ ಎಂದು ಹೋಗುವುದನ್ನೇ ಬಿಟ್ಟೆ. ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸು, ಅರ್ಧ ದಿನದ ರಜೆ, ಸರದಿ ಚೀಟಿ, ಇವೆಲ್ಲ ಸೇರಿ ಮನಸ್ಸು ಸೋತಿತ್ತು. ಒಂದೂವರೆ ವರ್ಷದ ಮೇಲೆ ಗರ್ಭಿಣಿಯಾದಾಗ ಗಂಟು ಮತ್ತೆ ಎದ್ದಿತು. ಬಸಿರಿನಲ್ಲಿ ಇದು ಬೆಳೆಯುವುದುಂಟಂತೆ. ಈಗ ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರುತ್ತೇನೆ, ಬೇಕಾದರೆ ಚುಚ್ಚಿಸುತ್ತೇನೆ, ಬೇಡವಾದರೆ ವಾಪಸು. ಎದೆಯದನ್ನು ಕತ್ತರಿಸಲು ಯಾವ ವೈದ್ಯರೂ ಒಪ್ಪಲಿಲ್ಲ. ಉಸಿರಾಡಿದಾಗಲೆಲ್ಲ ಚರ್ಮ ಎಳೆಯುವ ಜಾಗ ಅದು, ಹೊಲಿಗೆ ಹಾಕಿದರೆ ಹೊಲಿಗೆಯ ಪ್ರತಿ ತೂತಿನಲ್ಲೂ ಹೊಸ ಗಂಟು ಏಳಬಹುದು ಎಂದರು. ಆ ಲೆಕ್ಕದಲ್ಲಿ ಕಿವಿ ಅದೃಷ್ಟವಂತ ಜಾಗ, ಅಲ್ಲಿ ಎಳೆತವಿಲ್ಲ.

ಮಗಳಿಗೆ ಒಂದು ಮಾತು: ಹೊಸ ತೂತು, ಹಚ್ಚೆ, ಮೊಡವೆ ಹಿಸುಕುವುದು, ಇವು ಇನ್ನು ಜನ್ಮಕ್ಕೆ ಬೇಡ.

ಉತ್ತರ 3: ಹೊಸನಗರದಿಂದ

ಇಷ್ಟೆಲ್ಲ ಸೂಜಿ ಏಕೆ? ನಮ್ಮ ಅಜ್ಜ ದುರ್ಮಾಂಸಕ್ಕೆ ಚೇರುಕಾಯಿಯ ಎಣ್ಣೆಯನ್ನು ಕಡ್ಡಿಯಲ್ಲಿ ಮುಟ್ಟಿಸುತ್ತಿದ್ದರು, ಸುಟ್ಟು ಉದುರಿಹೋಗುತ್ತಿತ್ತು. ಈಗಿನವರಿಗೆ ಗೊತ್ತಿಲ್ಲ ಅಷ್ಟೆ. ಅಂದ ಹಾಗೆ ನನ್ನ ಬಲಗಾಲಿನ ಮೇಲೂ ಮೂರು ವರ್ಷದಿಂದ ಒಂದು ದಪ್ಪ ಉಬ್ಬು ಇದೆ. ತೋಟದಲ್ಲಿ ಮುಳ್ಳು ಚುಚ್ಚಿದ ಜಾಗ, ಮೇಲ್ಮೈ ಹೂಕೋಸಿನ ಹಾಗೆ ಒರಟು, ಹತ್ತಿರದಿಂದ ನೋಡಿದರೆ ಕರಿ ಚುಕ್ಕೆಗಳಿವೆ. ಇದಕ್ಕೂ ಆ ಚುಚ್ಚುಮದ್ದೇ ಆಗುತ್ತದೆಯೇ?

ಉತ್ತರ 4: ಚರ್ಮವೈದ್ಯ, ಶಿವಮೊಗ್ಗ

ಹೊಸನಗರದವರಿಗೆ ಮೊದಲು. ನಿಮ್ಮ ಕಾಲಿನದು ಕಲೆಯೇ ಅಲ್ಲದಿರಬಹುದು. ಮುಳ್ಳು ಚುಚ್ಚಿದ ಕಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ, ಮೇಲ್ಮೈ ಒರಟಾದ, ಕರಿ ಚುಕ್ಕೆಗಳಿರುವ ಉಬ್ಬು ಎಂದರೆ ಕ್ರೋಮೋಬ್ಲಾಸ್ಟೋಮೈಕೋಸಿಸ್ ಎಂಬ ಶಿಲೀಂಧ್ರ ಸೋಂಕನ್ನು ಮೊದಲು ನೆನೆಯಬೇಕು. ಮಣ್ಣಿನಲ್ಲಿ, ಕೊಳೆತ ಮರದಲ್ಲಿ ಇರುವ ಬೂಷ್ಟು ಅದು. ಬರಿಗಾಲಿನಲ್ಲಿ ತೋಟದ ಕೆಲಸ ಮಾಡುವವರಿಗೆ ಬರುತ್ತದೆ. ಅದರೊಳಕ್ಕೆ ಸ್ಟೆರಾಯ್ಡ್ ಚುಚ್ಚಿದರೆ ಬೆಂಕಿಗೆ ತುಪ್ಪ ಸುರಿದಂತೆ. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಬಂದರೆ ಸಾಕು. ಅದೇ ಆಗಿದ್ದರೆ ತಿಂಗಳುಗಟ್ಟಲೆ ಶಿಲೀಂಧ್ರನಾಶಕ ಮಾತ್ರೆ ಬೇಕಾಗುತ್ತದೆ.

ಚೇರಿನ ಎಣ್ಣೆಯ ಬಗ್ಗೆ: ಅದು ಚರ್ಮವನ್ನು ಸುಡುತ್ತದೆ ಎಂಬುದು ನಿಜ, ತೊಂದರೆ ಇರುವುದೇ ಅಲ್ಲಿ. ನರುಳ್ಳೆಯೊಂದು ಸುಟ್ಟು ಉದುರಿದರೆ ಮುಗಿಯಿತು. ಕೀಲಾಯ್ಡ್ ಇರುವವರ ಚರ್ಮಕ್ಕೆ ಸುಟ್ಟಗಾಯವೇ ಬೀಜ. ಚೇರು ಹಚ್ಚಿಕೊಂಡು ಒಂದು ಗಂಟಿನ ಜಾಗದಲ್ಲಿ ಅಂಗೈಯಗಲದ ಗಂಟು ಮಾಡಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಸುಣ್ಣ, ಬರೆ, ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಎಲ್ಲಕ್ಕೂ ಇದೇ ಮಾತು. ಅಂಗಡಿಯಲ್ಲಿ ಸಿಗುವ ಈರುಳ್ಳಿ ಸಾರದ ಮುಲಾಮಿನಿಂದ ಹಾನಿಯಿಲ್ಲ, ಲಾಭವೂ ಅಷ್ಟಕ್ಕಷ್ಟೆ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವವರಲ್ಲಿ ಕೆಲವರಿಗೆ ಅದರಿಂದಲೇ ಕಜ್ಜಿಯಾಗುತ್ತದೆ.

ಉತ್ತರ 5: ಫಿಸಿಯೋಥೆರಪಿಸ್ಟ್, ಭದ್ರಾವತಿ

ತೋಟದಮನೆಯವರ ಕೈಯ ಬಗ್ಗೆ ನನ್ನ ಪಾಲಿನದನ್ನು ಹೇಳುತ್ತೇನೆ. ಸುಟ್ಟಗಾಯದ ಕಲೆ ಕೀಲಿನ ಮೇಲೆ ಹಾದುಹೋದಾಗ ಅದು ದಿನದಿನಕ್ಕೂ ಕುಗ್ಗುತ್ತ ಕೀಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕೈ ಮಡಚಿದಾಗ ಹಾಯೆನಿಸುತ್ತದೆ, ಆದ್ದರಿಂದ ನಮಗೆ ತಿಳಿಯದಂತೆಯೇ ಮಡಚಿಕೊಂಡೇ ಇರುತ್ತೇವೆ, ಆರು ತಿಂಗಳಲ್ಲಿ ಮಡಚಿದ ಕೈಯೇ ಖಾಯಂ ಆಗುತ್ತದೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈಯನ್ನು ನೀಡಿ ಅಂಗೈ ಮುಂದೆ ಮಾಡಿ ನೋಡಿ. ಎಡ ಮೊಣಕೈ ಬಲದಷ್ಟು ನೆಟ್ಟಗಾಗುತ್ತದೆಯೇ? ಆಗದಿದ್ದರೆ ರಾತ್ರಿ ಮಲಗುವಾಗ ಕೈಯನ್ನು ನೆಟ್ಟಗೆ ಹಿಡಿಯುವ ಪಟ್ಟಿ ಬೇಕು, ಹಗಲು ನಾಲ್ಕೈದು ಸಲ ಎಳೆತ ಹಿಡಿಯುವವರೆಗೆ ನೀಡಿ ಹಾಗೇ ನಿಲ್ಲಿಸುವ ವ್ಯಾಯಾಮ ಬೇಕು. ಕೊಬ್ಬರಿ ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಕಲೆ ಬಿಳಚಿಕೊಳ್ಳುವಷ್ಟು ಒತ್ತಿ, ಹತ್ತು ನಿಮಿಷ ತಿಕ್ಕಿ. ಇದರಿಂದ ಕಲೆ ಮಾಯವಾಗುತ್ತದೆ ಎಂದಲ್ಲ, ತುರಿಕೆ ತಗ್ಗುತ್ತದೆ, ಚರ್ಮ ಕೆಳಗಿನ ಸ್ನಾಯುವಿಗೆ ಅಂಟಿಕೊಳ್ಳುವುದು ತಪ್ಪುತ್ತದೆ.

ಒತ್ತಡದ ತೋಳುಚೀಲವನ್ನು ನಿಮ್ಮ ಅಳತೆಗೇ ಹೊಲಿಸಬೇಕು. ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಒತ್ತಡ, ಸ್ನಾನದ ಹೊತ್ತು ಬಿಟ್ಟು ದಿನಕ್ಕೆ 23 ಗಂಟೆ, ಕನಿಷ್ಠ ಆರು ತಿಂಗಳಿಂದ ವರ್ಷ. ಹೇಳುವುದು ಸುಲಭ, ಮಲೆನಾಡಿನ ಆಷಾಢದಲ್ಲಿ ಮಾಡುವುದು ಕಷ್ಟ. ಎರಡು ಜೊತೆ ಇರಲೇಬೇಕು, ಏಕೆಂದರೆ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ. ಒಣಗಲಿಲ್ಲವೆಂದು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುವುದನ್ನು ನಾನು ಬಲ್ಲೆ, ದಯವಿಟ್ಟು ಹಾಕಬೇಡಿ. ಆ ಬಿಸಿಗೆ ರಬ್ಬರ್ ಎಳೆ ಸತ್ತು ಚೀಲ ಸಡಿಲವಾಗುತ್ತದೆ, ನೋಡಲು ಹಾಗೇ ಇರುತ್ತದೆ, ಒತ್ತಡ ಮಾತ್ರ ಇರುವುದಿಲ್ಲ. ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡದೆ ಒತ್ತಿ, ಫ್ಯಾನಿನ ಕೆಳಗೆ ಹರಡಿ. ಹೇಗಿದ್ದರೂ ಮೂರು ತಿಂಗಳಿಗೊಮ್ಮೆ ಅಳತೆ ನೋಡಿಸಿ ಬದಲಿಸಬೇಕು.

ಚೀಲದ ಒಳಗೆ ಸಿಲಿಕೋನ್ ಹಾಳೆ. ಸಿಲಿಕೋನ್ ಚರ್ಮದೊಳಗೆ ಇಳಿಯುವುದಿಲ್ಲ, ಮೇಲಿನಿಂದ ಮುಚ್ಚಿ ಕಲೆಯ ತೇವ ಆರದಂತೆ ಕಾಯುತ್ತದೆ, ಅಷ್ಟರಿಂದಲೇ ಒಳಗಿನ ನಾರು ನೇಯುವ ಆತುರ ತಗ್ಗುತ್ತದೆ. ಮೊದಲ ದಿನ ನಾಲ್ಕು ಗಂಟೆ ಇಟ್ಟು ದಿನಾ ಏರಿಸುತ್ತ ಹನ್ನೆರಡು ಗಂಟೆ ದಾಟಿಸಿ, ಮೂರು ತಿಂಗಳಾದರೂ ಬಿಡದೆ ಮುಂದುವರಿಸಿ. ಅದು ದುಬಾರಿ, ಆದರೆ ಒಂದು ಹಾಳೆಯನ್ನು ಸೌಮ್ಯ ಸೋಪಿನಲ್ಲಿ ತೊಳೆದು ಎರಡು ಮೂರು ವಾರ ಬಳಸಬಹುದು. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ನೂಲಿನ ಎಳೆಗಳು ಅಂಟಿ ಕೆಟ್ಟುಹೋಗುತ್ತದೆ, ಸ್ಟೀಲ್ ತಟ್ಟೆಯ ಮೇಲೆ ಅಂಟು ಬದಿ ಮೇಲಾಗಿ ಇಟ್ಟು ಗಾಳಿಗೆ ಆರಿಸಿ. ಬೆವರುಸಾಲೆ ಎದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ಹಾಕಿ.

ಮಗಳ ಕಿವಿಗೆ ಒತ್ತಡದ ಕ್ಲಿಪ್ ಶಸ್ತ್ರಚಿಕಿತ್ಸೆಯ ನಂತರ ಬರುತ್ತದೆ. ಓಲೆಯ ಹಾಗೇ ಕಾಣುವಂತೆ ಮಾಡಿಕೊಡುತ್ತಾರೆ, ಕಾಲೇಜಿಗೂ ಹಾಕಿಕೊಂಡು ಹೋಗಬಹುದು. ಒತ್ತಿದ ಕಡೆ ಕಿವಿ ಬಿಳಚಿ ನೋಯತೊಡಗಿದರೆ ಅತಿ ಬಿಗಿಯಾಗಿದೆ ಎಂದರ್ಥ.

ಪ್ರಶ್ನೆ ಕೇಳಿದವರ ಉತ್ತರ: ತೋಟದಮನೆ

ಎಲ್ಲರಿಗೂ ವಂದನೆಗಳು. ಗೋಡೆಗೆ ಬೆನ್ನು ಕೊಟ್ಟು ನೋಡಿದೆ. ಎಡ ಮೊಣಕೈ ಬಲದಷ್ಟು ನೆಟ್ಟಗಾಗುವುದಿಲ್ಲ, ಹೆಂಡತಿ ಸ್ಕೇಲು ಹಿಡಿದು ಮಣಿಕಟ್ಟಿನ ಹತ್ತಿರ ಎರಡು ಇಂಚು ವ್ಯತ್ಯಾಸ ಎಂದಳು. ಸಕ್ಕರೆ ಕಾಯಿಲೆ ಇಲ್ಲ. ಬರುವ ಸೋಮವಾರ ಶಿವಮೊಗ್ಗಕ್ಕೆ ಹೊರಟಿದ್ದೇವೆ, ಮಗಳನ್ನೂ ಅಂದೇ ತೋರಿಸುತ್ತೇನೆ. ಶಿಕ್ಷಕಿಯವರು ಬರೆದದ್ದನ್ನು ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಮರಗಟ್ಟಿಸುವ ಔಷಧ ಕೇಳಲು ಮರೆಯಬೇಡ ಎಂದಳು. ಕತ್ತರಿಸುವ ಮಾತು ಬಂದರೆ ಆಮೇಲಿನ ಆರು ತಿಂಗಳ ಯೋಜನೆ ಏನೆಂದು ಮೊದಲು ಕೇಳುತ್ತೇನೆ.

ಇನ್ನೊಂದು ಸಣ್ಣ ಪ್ರಶ್ನೆ ಉಳಿಯಿತು. ಈ ವರ್ಷ ಹಂಡೆಯ ಮುಂದೆ ತಮ್ಮ ನಿಲ್ಲುತ್ತಾನೆ. ನಾನು ಚಪ್ಪರದ ಮೇಲೆ ಅಡಿಕೆ ಹರಡಿ ಒಣಗಿಸುವ ಕೆಲಸ ವಹಿಸಿಕೊಳ್ಳಬಹುದೇ?

ಉತ್ತರ 6: ಫಿಸಿಯೋಥೆರಪಿಸ್ಟ್, ಭದ್ರಾವತಿ

ವಹಿಸಿಕೊಳ್ಳಿ, ಹರಡುವಾಗ ಕೈ ನೀಡುವುದೂ ವ್ಯಾಯಾಮವೇ. ಆದರೆ ಚಪ್ಪರದ ಮೇಲೆ ನೆರಳಿಲ್ಲ, ಹಸಿ ಕಲೆಗೆ ಬಿಸಿಲು ಬಿದ್ದರೆ ಕಪ್ಪಗೆ ತಿರುಗಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ತೋಳುಚೀಲದ ಮೇಲೆ ಉದ್ದ ತೋಳಿನ ದಪ್ಪ ಅಂಗಿ ಹಾಕಿಕೊಳ್ಳಿ. ಎರಡು ಇಂಚು ಎಂದಿರಲ್ಲ, ಆ ಅಳತೆಯನ್ನು ತಾರೀಖಿನೊಂದಿಗೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ, ಪ್ರತಿ ಭಾನುವಾರ ಅದೇ ಗೋಡೆಗೆ ನಿಂತು ಮತ್ತೆ ಅಳೆಸಿ. ಎರಡು ವಾರ ಒಂದೇ ಸಮನೆ ಹೆಚ್ಚುತ್ತ ಹೋದರೆ ಮುಂದಿನ ತಾರೀಖಿಗೆ ಕಾಯದೆ ಬನ್ನಿ.